ಸಂಪಾದಕರ ಉತ್ತರ: ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರಲಿ?

ಡೊಂಬಿವಲಿ ಪೂರ್ವದಿಂದ ಒಬ್ಬ ತಂಗಿ ಬರೆದಿದ್ದಾಳೆ. ಹೆಸರು ಹಾಕಬೇಡಿ ಅಕ್ಕ, ಅತ್ತೆಯೂ ನಿಮ್ಮ ಪತ್ರಿಕೆ ಓದುತ್ತಾರೆ ಅಂದಿದ್ದಾಳೆ. ಹಾಕಿಲ್ಲ. (ಅತ್ತೆಯವರೇ, ಓದುತ್ತಿದ್ದರೆ ಪೂರ್ತಿ ಓದಿ. ನಿಮ್ಮ ಪರವಾಗಿಯೂ ಎರಡು ಮಾತಿದೆ.)

ಪತ್ರದ ಸಾರ ಇಷ್ಟು. 37 ವಾರಕ್ಕೆ ಸಿಸೇರಿಯನ್ ಆಗಿ ಹೆಣ್ಣುಮಗು. ಬರೀ ಎದೆಹಾಲೇ ಕೊಡುವುದು ಅಂತ ಮೊದಲೇ ತೀರ್ಮಾನ ಆಗಿತ್ತು. ನಾಲ್ಕನೇ ದಿನ ಮಗುವಿನ ಕಣ್ಣು, ಎದೆ, ಹೊಟ್ಟೆ ಎಲ್ಲ ಹಳದಿ. ಮೈಗೆ ಹಳದಿ ತರುವ ಬಿಲಿರುಬಿನ್ ರಕ್ತದಲ್ಲಿ 18. ಎರಡು ದಿನ ನೀಲಿ ದೀಪದ ಕೆಳಗೆ ಇಟ್ಟರು, ಪುಡಿಹಾಲನ್ನೂ ಕೊಟ್ಟರು. ಈಗ 17 ದಿನ, ಕಣ್ಣಿನ ಹಳದಿ ಇನ್ನೂ ಪೂರ್ತಿ ಹೋಗಿಲ್ಲ. ಬಿಸಿಲಿಗೆ ಹಿಡಿ, ಗ್ಲೂಕೋಸ್ ನೀರು ಕುಡಿಸು ಅಂತ ಅತ್ತೆ. ಇದು ಕಾವೀಳ್ (ಕಾಮಾಲೆ), ತಾಯಿ ಹಾಲೇ ಕಾರಣ, ನಾಲ್ಕು ದಿನ ನಿಲ್ಲಿಸು ಅಂತ ಪಕ್ಕದ ಮನೆಯ ಆಜಿ. "ಜುಲೈ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರಲಿ ಅಕ್ಕ? ನನ್ನ ಹಟದಿಂದಲೇ ಹೀಗಾಯಿತಾ?"

ತಂಗಿ, ಪತ್ರ ಕೈಗೆ ಬಂದ ದಿನವೇ ನಿನಗೆ ಫೋನ್ ಮಾಡಿದೆ. 17 ದಿನದ ಕೂಸು ಇನ್ನೂ ಹಳದಿ ಅಂದರೆ ಸಂಚಿಕೆ ಅಚ್ಚಾಗುವ ತನಕ ಕಾಯುವ ವಿಷಯ ಅಲ್ಲ. ನಾನು ಡಾಕ್ಟರ್ ಅಲ್ಲ, ಆದರೆ ಇಷ್ಟು ಗೊತ್ತು: ಎರಡು ವಾರ ಕಳೆದರೂ ಹಳದಿ ಉಳಿದರೆ ಒಟ್ಟು ಬಿಲಿರುಬಿನ್ ಮಾತ್ರ ನೋಡಿದರೆ ಸಾಲದು, ಅದರಲ್ಲಿ 'ಡೈರೆಕ್ಟ್' (ಲಿವರ್ ತನ್ನ ಕೆಲಸ ಮುಗಿಸಿದ ಪಾಲು) ಎಷ್ಟು ಅಂತಲೂ ನೋಡಬೇಕು. ಡೈರೆಕ್ಟ್ ಜಾಸ್ತಿ ಇದ್ದರೆ ಪಿತ್ತನಾಳ ಮುಚ್ಚಿಕೊಂಡಿರಬಹುದು. ಅಪರೂಪದ್ದೇ, ಆದರೆ ಅದರ ಆಪರೇಷನ್ ಮಗುವಿಗೆ 60 ದಿನ ತುಂಬುವುದರೊಳಗೆ ಆದರೆ ಒಳ್ಳೆಯದು, ತಡವಾದಷ್ಟೂ ಲಿವರ್ ಕೆಡುತ್ತಾ ಹೋಗುತ್ತದೆ.

ಇದರ ಸುಳಿವು ಮನೆಯಲ್ಲೇ, ಲಂಗೋಟಿಯಲ್ಲೇ ಸಿಗುತ್ತದೆ. ಫೋನಿನಲ್ಲಿ ನಾನು ಮಗುವಿನ ಕಕ್ಕ ಯಾವ ಬಣ್ಣ ಅಂತ ಕೇಳಿದಾಗ ನೀನು ತಡವರಿಸಿದೆ, "ಟ್ಯೂಬ್‌ಲೈಟಿನಲ್ಲಿ ಬಿಳಿ ಥರ ಕಾಣುತ್ತೆ" ಅಂದೆ, ನನ್ನ ಜೀವ ಝಲ್ ಅಂತು. ಕಿಟಕಿ ಹತ್ತಿರ ಹಿಡಿದು ನೋಡು ಅಂದೆ. ನೋಡಿದರೆ ಸಾಸಿವೆ ಅರೆದ ಹಾಗೆ ಹಳದಿ, ನಡುವೆ ಸಣ್ಣ ಸಣ್ಣ ಕಾಳು. ಅದು ಸರಿಯಾದ ಬಣ್ಣ. ಸುಣ್ಣದ ಹಾಗೆ, ಜೇಡಿಮಣ್ಣಿನ ಹಾಗೆ ಇದ್ದರೆ, ಅಥವಾ ಉಚ್ಚೆ ಬಟ್ಟೆಗೆ ಹಳದಿ ಕಲೆ ಹಿಡಿಸಿದರೆ, ಅದೇ ದಿನ ಡಾಕ್ಟರ ಹತ್ತಿರ ಓಡಬೇಕು. ಎಳೆಗೂಸಿನ ಉಚ್ಚೆಗೆ ಬಣ್ಣವೇ ಇರುವುದಿಲ್ಲ, ಅಲ್ವಾ.

ನಿನ್ನ ಮಗಳ ರಿಪೋರ್ಟ್ ಬಂತು. ಒಟ್ಟು 9, ಡೈರೆಕ್ಟ್ 0.6, ಅಂದರೆ ಡೈರೆಕ್ಟ್ ಜಾಸ್ತಿ ಇಲ್ಲ. ತೂಕ 3 ಕಿಲೋ. ಡಾಕ್ಟರು ಇದು ಎದೆಹಾಲಿನ ಕಾಮಾಲೆ, ಹಾಲು ಮುಂದುವರಿಸು ಅಂದರು. ಇದು ಮೊದಲ ವಾರ ಕಳೆದ ಮೇಲೂ ಉಳಿಯುತ್ತದೆ, ಕೆಲವರಲ್ಲಿ ಎರಡು ಮೂರು ತಿಂಗಳೂ ಇರುತ್ತದೆ. ಮಗು ಚುರುಕಾಗಿ ಕುಡಿದು ತೂಕ ಹಾಕುತ್ತಿದ್ದರೆ ತಾನಾಗಿಯೇ ಇಳಿಯುತ್ತದೆ. ಆಜಿ ಕೇಳಿದ್ದು ಇದನ್ನೇ ಇರಬೇಕು. ಹಿಂದೆ ಡಾಕ್ಟರುಗಳೂ ಒಂದೆರಡು ದಿನ ಹಾಲು ನಿಲ್ಲಿಸಿ ನೋಡುತ್ತಿದ್ದರು. ಈಗ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ನಿಲ್ಲಿಸಿದ ಹಾಲನ್ನು ಮತ್ತೆ ತರಿಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ನಾಲ್ಕನೇ ದಿನದ 18 ಮಾತ್ರ ಬೇರೆ ಕಥೆ. ಹುಟ್ಟಿದಾಗ ನಿನ್ನ ಮಗಳು 2.8 ಕಿಲೋ, ನಾಲ್ಕನೇ ದಿನ 2.5. ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದಿದ್ದಾಳೆ. ಅಂದರೆ ಹೊಟ್ಟೆಗೆ ಹಾಲು ಸಾಲುತ್ತಿರಲಿಲ್ಲ. ಸಿಸೇರಿಯನ್ ಆದರೆ ಹಾಲು ಇಳಿಯುವುದು ಒಮ್ಮೊಮ್ಮೆ ತಡ, 37 ವಾರದ ಕೂಸಿಗೆ ಎಳೆಯುವ ಶಕ್ತಿಯೂ ಕಮ್ಮಿ. ಬಿಲಿರುಬಿನ್ ಅನ್ನುವುದು ಹಳೆಯ ಕೆಂಪು ರಕ್ತಕಣ ಒಡೆದಾಗ ಬರುವ ಹಳದಿ ಕಸ. ಎಳೆಯ ಲಿವರ್ ಅದನ್ನು ನಿಧಾನಕ್ಕೆ ಕರುಳಿಗೆ ತಳ್ಳುತ್ತದೆ, ಹೊರಗೆ ಹೋಗುವುದು ಮುಖ್ಯವಾಗಿ ಕಕ್ಕದಲ್ಲಿ. ಹಾಲು ಕಮ್ಮಿಯಾದರೆ ಕಕ್ಕ ಕಮ್ಮಿ, ಕರುಳಿನಲ್ಲೇ ಉಳಿದದ್ದು ಮತ್ತೆ ರಕ್ತಕ್ಕೆ. ಹಳದಿ ಏರಿದರೆ ಮಗುವಿಗೆ ಮಂಪರು, ಮಂಪರಿನಲ್ಲಿ ಕುಡಿಯುವುದಿಲ್ಲ, ಕುಡಿಯದಿದ್ದರೆ ಹಳದಿ ಇನ್ನೂ ಏರುತ್ತದೆ. ನಿನ್ನ ಹಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಎದೆಗೆ ಹಿಡಿದ ಮಗು ನಿಜವಾಗಿ ನುಂಗುತ್ತಿದೆಯಾ ಅಂತ ಯಾರೂ ಪಕ್ಕದಲ್ಲಿ ಕೂತು ನೋಡಲಿಲ್ಲ, ಅಷ್ಟೇ.

ನನಗೂ ಹೀಗೇ ಆಗಿತ್ತು. ಆಗ ನಾವು ಪರೇಲಿನ ಚಾಳಿನಲ್ಲಿದ್ದೆವು. ಹೆರಿಗೆ ಆದ ನರ್ಸಿಂಗ್ ಹೋಮಿನ ಹೆಸರು ಬೇಡ. ರಾತ್ರಿ ಸಿಸ್ಟರ್ ಬಂದು 'ನೀವು ಮಲಗಿ' ಅಂತ ಮಗನನ್ನು ಎತ್ತಿಕೊಂಡು ಹೋದರು, ಸಕ್ಕರೆ ನೀರು ಕುಡಿಸಿದರು, ಬೆಳಿಗ್ಗೆ ತಂದು ಕೊಟ್ಟಾಗ ಅವನು ಬಾಯಿಯನ್ನೇ ತೆರೆಯಲಿಲ್ಲ. ಹೊಟ್ಟೆ ತುಂಬಿತ್ತು, ನೀರಿನಿಂದ. ನೀರು ಎಷ್ಟು ಕುಡಿಸಿದರೂ ಕಾಮಾಲೆ ಇಳಿಯುವುದಿಲ್ಲ ಅಂತ ನನಗೆ ಗೊತ್ತಾದದ್ದು ವರ್ಷಗಳ ಮೇಲೆ. ಆದ್ದರಿಂದ ಗ್ಲೂಕೋಸ್ ನೀರು, ಗುಟ್ಟಿ (ತೇಯ್ದು ನೆಕ್ಕಿಸುವ ಮನೆಮದ್ದು), ಜೇನುತುಪ್ಪ ಯಾವುದೂ ಮಗುವಿಗೆ ಬೇಡ. ನೀನು ಅರಿಶಿನ ತಿಂದದ್ದರಿಂದ ಮಗು ಹಳದಿಯಾಯಿತು ಅನ್ನುವುದು ಸುಮ್ನೆ ಮಾತು. ನೀನು ಮಾತ್ರ ಊಟ ಬಿಡಬೇಡ, ನೀರು ಕುಡಿಯುವುದನ್ನೂ ಬಿಡಬೇಡ.

ಈಗ ಬಿಸಿಲು. ಅತ್ತೆಯವರ ಮಾತನ್ನು ನಗುತ್ತಾ ತಳ್ಳಿಹಾಕುವ ಹಾಗಿಲ್ಲ, ಯಾಕೆಂದರೆ ನೀಲಿ ದೀಪ ಹುಟ್ಟಿದ್ದೇ ಬಿಸಿಲಿನಿಂದ. ಇಂಗ್ಲೆಂಡಿನ ಎಸೆಕ್ಸ್‌ನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಜೀನ್ ವಾರ್ಡ್ ಅನ್ನುವ ಸಿಸ್ಟರ್ ಎಳೆಗೂಸುಗಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಒಂದು ಮಗುವಿನ ಮೈಯ ಹಳದಿ ಎಲ್ಲ ಕಡೆ ತೆಳುವಾಗಿತ್ತು, ಬಟ್ಟೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಹಾಗೇ ಉಳಿದಿತ್ತು. ಆಮೇಲೆ ಕಿಟಕಿಯ ಬಿಸಿಲಲ್ಲಿ ಮರೆತಿಟ್ಟ ರಕ್ತದ ಟ್ಯೂಬಿನಲ್ಲೂ ಬಿಲಿರುಬಿನ್ ಇಳಿದದ್ದು ಕಂಡಿತು. 1958ರಲ್ಲಿ ಡಾ. ಕ್ರೀಮರ್ ಮತ್ತು ಜೊತೆಯವರು ದೀಪದ ಚಿಕಿತ್ಸೆಯನ್ನು ಪ್ರಕಟಿಸಿದರು. ಆ ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್‌ನ ರೂಪವನ್ನೇ ಬದಲಿಸುತ್ತದೆ, ಲಿವರಿನ ಕೆಲಸ ಇಲ್ಲದೆಯೂ ಹೊರಗೆ ಹೋಗುವ ಹಾಗೆ. ಹಾಗಾದರೆ ಬಿಸಿಲು ಯಾಕೆ ಬೇಡ? ಎಷ್ಟು ಬಿತ್ತು ಅಂತ ಅಳತೆ ಇಲ್ಲ. ಬಟ್ಟೆ ಬಿಚ್ಚಿದರೆ ಮೈ ತಣ್ಣಗಾಗುತ್ತದೆ ಇಲ್ಲ ಸುಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಾಳೆ ಬಿಸಿಲು ಬಂದರೆ ಸರಿಹೋಗುತ್ತೆ ಅಂತ ಕಾಯುತ್ತಾ ಕೂತು ರಕ್ತ ಪರೀಕ್ಷೆ ತಪ್ಪುತ್ತದೆ. ಜುಲೈನ ಡೊಂಬಿವಲಿಯಲ್ಲಂತೂ ಕಾಯುತ್ತಲೇ ಇರಬೇಕು.

ಬಿಲಿರುಬಿನ್ ಎಷ್ಟು ಅನ್ನುವುದರ ಜೊತೆಗೆ ಎಷ್ಟು ಗಂಟೆಯ ಮಗು, ಎಷ್ಟು ವಾರಕ್ಕೆ ಹುಟ್ಟಿದ್ದು ಅನ್ನುವುದೂ ಮುಖ್ಯ. 12 ಅನ್ನುವ ಅಂಕಿ ಮೊದಲ ದಿನವೇ ಬಂದರೆ ಗಾಬರಿಪಡಬೇಕು, ದಿನ ತುಂಬಿದ ಆರೋಗ್ಯದ ಕೂಸಿಗೆ ಐದನೇ ದಿನ ಬಂದರೆ ಸಾಮಾನ್ಯ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಯಾರ ಮಾತಿಗೂ ಕಾಯಬೇಡಿ. ಮಗು ಎಬ್ಬಿಸಿದರೂ ಏಳದಿದ್ದರೆ, ಕುಡಿಯುವುದನ್ನೇ ಬಿಟ್ಟರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿಸಿದರೆ, ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ತಾಯಿಯ ರಕ್ತ ಓ ಗುಂಪು ಅಥವಾ ನೆಗೆಟಿವ್ ಆಗಿದ್ದರೆ ಮೊದಲೇ ಡಾಕ್ಟರಿಗೆ ಹೇಳಿರಬೇಕು.

ಪುಡಿಹಾಲಿನ ವಿಷಯಕ್ಕೆ ನೀನು ತುಂಬ ಕೊರಗಿದ್ದೀಯ. ಎದೆಹಾಲು ಮಾತ್ರ ಅನ್ನುವುದು ಒಂದು ಗುಟುಕಿಗೆ ಕೆಡುವ ವ್ರತ ಅಲ್ಲ ತಂಗಿ. ತೂಕ ಅಷ್ಟು ಇಳಿದಾಗ ಮಗುವಿಗೆ ಹಾಲು ಬೇಕೇ ಬೇಕಿತ್ತು. ನನ್ನ ತಕರಾರು ಇರುವುದು ಕ್ರಮದ ಬಗ್ಗೆ: ಮೊದಲು ನಿನ್ನದೇ ಹಾಲು ಹಿಂಡಿ ವಾಟಿ-ಚಮಚದಲ್ಲಿ ಕುಡಿಸಬಹುದಿತ್ತು (ಊರಲ್ಲಿ ಒಳಲೆ ಅನ್ನುತ್ತೇವಲ್ಲ, ಅದರಲ್ಲೂ ಆಗುತ್ತದೆ), ಅದು ಸಾಲದಿದ್ದರೆ ದಾನಿಗಳ ಹಾಲು, ಅದೂ ಇಲ್ಲದಿದ್ದರೆ ಪುಡಿ. ನಮ್ಮ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಶುರು ಮಾಡಿದ್ದರು. ಮುಂಬಯಿಯಲ್ಲೇ ಇದ್ದೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ದಿನಕ್ಕೆ 8ರಿಂದ 12 ಸಲ ಹಾಲು ಕೊಡು. ನಿದ್ದೆ ಹೋದರೆ ಬಟ್ಟೆ ಸಡಿಲಿಸು, ಅಂಗಾಲು ತಿಕ್ಕು. ಬಾಯಿ ಅಗಲಕ್ಕೆ ತೆರೆದು ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಿರಬೇಕು. ಗುಟುಕ್ ಅನ್ನುವ ಸದ್ದು ಕೇಳಬೇಕು. ದಿನಕ್ಕೆ ಆರು ಸಲ ಉಚ್ಚೆ ಆಗುತ್ತಿದ್ದರೆ ಹಾಲು ಸಾಲುತ್ತಿದೆ.

ಅತ್ತೆಯವರಿಗೆ ಒಂದು ಕೆಲಸ. ಮಗುವಿಗೆ ಹಾಸಲು ಟ್ರಂಕಿನಿಂದ ಹಳೆ ಸೀರೆ ತೆಗೆದಿದ್ದೀರಂತೆ, ಮೆತ್ತಗಿರುತ್ತದೆ, ನಿಜ. ಅದರಲ್ಲಿ ಡಾಂಬರ್ ಗೋಲಿ ಇಟ್ಟಿದ್ದಿರಾ? ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಆ ನುಸಿಗುಳಿಗೆಯ ವಾಸನೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಏರಬಹುದು, ಯಾವ ಮಗುವಿಗೆ ಆ ಕೊರತೆ ಇದೆ ಅಂತ ಮುಖ ನೋಡಿ ಹೇಳಲಾಗುವುದಿಲ್ಲ. ಆ ಸೀರೆ ಬೇಡ. ದಿನಾ ಉಟ್ಟು ಒಗೆದು ಮೆತ್ತಗಾದ ನಿಮ್ಮದೇ ಒಂದು ಹತ್ತಿ ಸೀರೆ ಕೊಡಿ. ಮತ್ತೆ ರಾತ್ರಿ ಎರಡು ಗಂಟೆಯ ಹಾಲಿಗೆ ಸೊಸೆಯ ಪಕ್ಕ ಕೂತು ಆ ಅಂಗಾಲು ತಿಕ್ಕುವ ಕೆಲಸ ನೀವೇ ವಹಿಸಿಕೊಳ್ಳಿ, ಅವಳ ಹೊಲಿಗೆ ಇನ್ನೂ ಮಾಗಿಲ್ಲ.