30 ದಿನದಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ ಎಂಬ ಗ್ಯಾರಂಟಿಯನ್ನು ನಂಬಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ವ್ಯಾಪಾರಕ್ಕೆಂದು ವೆಬ್‌ಸೈಟ್ ಮಾಡಿಸಿದ್ದೀರಿ, ಅದು ಗೂಗಲ್‌ನಲ್ಲಿ ಎಲ್ಲೂ ಕಾಣುತ್ತಿಲ್ಲ. 500 ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಬರುವ ಲಿಂಕ್) ಹಾಕಿಸಿ 30 ದಿನದಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ, ಗ್ಯಾರಂಟಿ ಎಂದು ಒಂದು ಏಜೆನ್ಸಿ ಹೇಳುತ್ತಿದೆ. ಒಪ್ಪಿಕೊಳ್ಳಬಹುದೇ, ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟ್ ಮೇಲೆ ಕಾಣುವಂತೆ ಮಾಡುವ ಕೆಲಸದ ಬಗ್ಗೆ ಜನ ಹೇಳುವುದರಲ್ಲಿ ನಿಜ ಎಷ್ಟು ಎಂದು ಕೇಳಿದ್ದೀರಿ.

ಒಪ್ಪಿಕೊಳ್ಳಬೇಡಿ. ನಾನೂ ಇದೇ ಕೆಲಸ ಮಾಡುವವನು. ಈ ಕೆಲಸದ ಮೇಲೆ ನನಗೆ ಗೌರವ ಇರುವುದರಿಂದಲೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲಾರರು ಎಂದು ಗೂಗಲ್ ತಾನೇ ಸೈಟ್ ಮಾಲೀಕರಿಗೆ ಬರೆದಿರುವ ಸಲಹೆಯಲ್ಲಿ ಹೇಳಿದೆ. ಅಷ್ಟಕ್ಕೂ ಮೊದಲ ಸ್ಥಾನ ಯಾವ ಹುಡುಕಾಟಕ್ಕೆ? ನಿಮ್ಮ ಕಂಪನಿಯ ಹೆಸರನ್ನೇ ಟೈಪ್ ಮಾಡಿದರೆ ನಿಮ್ಮ ಸೈಟ್ ಮೇಲೆ ಬರುವುದು ಸಹಜ. ಯಾರೂ ಟೈಪ್ ಮಾಡದ ಉದ್ದನೆಯ ಸಾಲಿಗೆ ಮೇಲೆ ಬರುವುದೂ ಕಷ್ಟವಲ್ಲ. ಗ್ಯಾರಂಟಿ ಕೊಡುವವರು ಇಂಥದ್ದನ್ನೇ ಹುಡುಕಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಇನ್ನು ಹುಡುಕುವವರು ಎಲ್ಲಿದ್ದಾರೆ, ಯಾವ ಭಾಷೆಯಲ್ಲಿ ಹುಡುಕುತ್ತಾರೆ ಎಂಬುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ. ನಿಮ್ಮ ಫೋನಿನಲ್ಲಿ ಕಂಡ ಸ್ಥಾನ ಗ್ರಾಹಕರ ಫೋನಿನಲ್ಲೂ ಅದೇ ಇರಬೇಕೆಂದಿಲ್ಲ.

ಎಲ್ಲೂ ಕಾಣುತ್ತಿಲ್ಲ ಎಂದಿರಲ್ಲ, ಮೊದಲು ಅದನ್ನು ನೋಡೋಣ. ಸೈಟ್ ಲೈವ್ ಆದ ಮಾತ್ರಕ್ಕೆ ಗೂಗಲ್‌ಗೆ ಬಂದೇ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಗೂಗಲ್ ಮೊದಲು ಪುಟವನ್ನು ಕಂಡುಹಿಡಿಯಬೇಕು, ಓದಬೇಕು, ತನ್ನ ಇಂಡೆಕ್ಸ್‌ಗೆ, ಅಂದರೆ ಪುಟಗಳ ಸೂಚಿಗೆ, ಸೇರಿಸಿಕೊಳ್ಳಬೇಕು. ರ‍್ಯಾಂಕಿಂಗ್ (ಎಷ್ಟನೆಯ ಸ್ಥಾನ ಎಂಬ) ಮಾತು ಆಮೇಲಿನದು. ಹುಡುಕಾಟದಲ್ಲಿ ನಿಮ್ಮ ಸೈಟ್‌ನ ಸ್ಥಿತಿ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಅದರಲ್ಲಿ ನಿಮ್ಮ ಸೈಟ್ ಸೇರಿಸಿ, ಯುಆರ್‌ಎಲ್ ತಪಾಸಣೆಯಲ್ಲಿ ಮುಖಪುಟದ ವಿಳಾಸ ಹಾಕಿ ನೋಡಿ. ಇಂಡೆಕ್ಸ್ ಆಗಿದೆಯೋ ಇಲ್ಲವೋ, ಇಲ್ಲವಾದರೆ ಏಕೆ ಎಂದು ಅಲ್ಲೇ ಬರುತ್ತದೆ. ಸೈಟ್ ಕಟ್ಟುವಾಗ ಡೆವಲಪರ್ ಹಾಕಿದ, ಇಂಡೆಕ್ಸ್‌ಗೆ ಸೇರಿಸಬೇಡಿ ಎನ್ನುವ ನೋಇಂಡೆಕ್ಸ್ ಟ್ಯಾಗ್ ಲೈವ್ ಆದ ಮೇಲೂ ಹಾಗೆಯೇ ಉಳಿದಿರುವುದುಂಟು. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಂತೂ ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡದಂತೆ ಕೇಳಿಕೊಳ್ಳುವ ಒಂದೇ ಒಂದು ಟಿಕ್ ಇದೆ, ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ. ಆ ಟಿಕ್ ಹಾಗೇ ಇದ್ದರೆ 500 ಅಲ್ಲ, 5000 ಲಿಂಕ್ ತಂದರೂ ಪ್ರಯೋಜನವಿಲ್ಲ.

ಇನ್ನು ಬ್ಯಾಕ್‌ಲಿಂಕ್. ವ್ಯಾಪಾರಿಗಳ ದುಡ್ಡು ಅತಿ ಹೆಚ್ಚು ಪೋಲಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿಂಕ್‌ಗೆ ಬೆಲೆ ಬಂದದ್ದು ಸುಮ್ಮನೆ ಅಲ್ಲ. ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದ, ಪುಟಗಳ ಮಹತ್ವ ಅಳೆಯುವ ವಿಧಾನವಾದ ಪೇಜ್‌ರ‍್ಯಾಂಕ್‌ನ ಮೂಲ ವಿಚಾರವೇ ಅದು: ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು, ಮತ್ತು ಶಿಫಾರಸು ಮಾಡಿದವರು ಯಾರು ಎಂಬುದರ ಮೇಲೆ ಅದರ ತೂಕ. ಜನ ಮೊದಲರ್ಧ ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಟ್ಟರು. ಲಿಂಕ್ ಮಾರುವುದೇ ಒಂದು ದಂಧೆಯಾಯಿತು. ಅಮೆರಿಕದ ದೊಡ್ಡ ಚಿಲ್ಲರೆ ಕಂಪನಿ ಜೆಸಿ ಪೆನ್ನಿ ಹಲವಾರು ಸರಕುಗಳ ಹುಡುಕಾಟದಲ್ಲಿ ಮೇಲಿದ್ದದ್ದು ಸಂಬಂಧವೇ ಇಲ್ಲದ ನೂರಾರು ಸೈಟ್‌ಗಳಲ್ಲಿದ್ದ ಸಾವಿರಾರು ಲಿಂಕ್‌ಗಳ ಬಲದಿಂದ ಎಂದು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಗೂಗಲ್ ಅದನ್ನು ಕೆಳಕ್ಕೆ ತಳ್ಳಿತು. ಮರುವರ್ಷ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಗೂಗಲ್ ಅಪ್‌ಡೇಟ್ ಬಂದು, ಇಂಥ ಲಿಂಕ್‌ಗಳನ್ನೇ ನೆಚ್ಚಿಕೊಂಡಿದ್ದ ಸೈಟ್‌ಗಳು ನೆಲಕಚ್ಚಿದವು. 2016ರಲ್ಲಿ ಪೆಂಗ್ವಿನ್ ಗೂಗಲ್‌ನ ಮುಖ್ಯ ವ್ಯವಸ್ಥೆಯ ಭಾಗವಾದ ಮೇಲೆ ಅಂಥ ಲಿಂಕ್‌ಗಳನ್ನು ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂದರೆ ಕೊಂಡ ಲಿಂಕ್‌ನಿಂದ ಏನೂ ಆಗದಿರುವುದೇ ನಿಮ್ಮ ಪುಣ್ಯ. ಅತಿಯಾದರೆ ಗೂಗಲ್ ಸಿಬ್ಬಂದಿಯೇ ನೋಡಿ ಸೈಟ್‌ಗೆ ದಂಡನೆಯಾಗಿ ಮ್ಯಾನ್ಯುಯಲ್ ಆ್ಯಕ್ಷನ್ ಹಾಕುತ್ತಾರೆ. ಅದನ್ನು ತೆಗೆಸಲು ಒಂದೊಂದೇ ಲಿಂಕ್ ಅಳಿಸಿ, ಮರುಪರಿಶೀಲನೆಗೆ ಅರ್ಜಿ ಹಾಕಿ ಕಾಯಬೇಕು. ಏಜೆನ್ಸಿ ಅಷ್ಟರಲ್ಲಿ ಬೇರೆ ಗ್ರಾಹಕರನ್ನು ಹಿಡಿದಿರುತ್ತದೆ, ಅನುಭವಿಸುವವರು ನೀವು.

ಲಿಂಕ್ ಬೇಡವೇ ಹಾಗಾದರೆ? ಬೇಕು. ನಿಮಗೆ ಸರಕು ಒದಗಿಸುವ ಕಂಪನಿಯ ಡೀಲರ್ ಪಟ್ಟಿ, ನಿಮ್ಮ ವೃತ್ತಿಯ ಸಂಘದ ಸದಸ್ಯರ ಪುಟ, ನೀವು ಕೆಲಸ ಮಾಡಿಕೊಟ್ಟ ಸಂಸ್ಥೆ ತನ್ನ ಸೈಟಿನಲ್ಲಿ ಅದರ ಬಗ್ಗೆ ಬರೆದದ್ದು, ಇಂಥ ನಾಲ್ಕು ಲಿಂಕ್ ಸಾಕು. ಡೊಮೇನ್ ಅಥಾರಿಟಿ ಏರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಂದು ಮಾತು ನೆನಪಿರಲಿ: ಸೈಟ್‌ನ ಬಲ ಎಷ್ಟೆಂದು ಹೇಳುವ ಆ ಅಂಕಿ ಮಾಜ್ ಎಂಬ ಖಾಸಗಿ ಕಂಪನಿಯ ಅಂದಾಜು, ಗೂಗಲ್‌ನದಲ್ಲ.

ಕೀವರ್ಡ್, ಅಂದರೆ ಜನ ಹುಡುಕುವ ಪದಗಳ ವಿಷಯಕ್ಕೆ ಬರುತ್ತೇನೆ. ಪುಟದ ಕೋಡ್‌ನಲ್ಲಿ ಕೀವರ್ಡ್‌ಗಳನ್ನು ಪಟ್ಟಿ ಮಾಡುವ ಮೆಟಾ ಕೀವರ್ಡ್ಸ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಸ್ಪಷ್ಟಪಡಿಸಿದೆ. ಆದರೂ ಇವತ್ತಿಗೂ ಅದನ್ನು ತುಂಬಿಸಿ ಬಿಲ್ ಮಾಡುವವರಿದ್ದಾರೆ. ಒಂದು ಪದ ಪುಟದಲ್ಲಿ ಶೇಕಡಾ ಇಷ್ಟು ಬಾರಿ ಬರಬೇಕು ಎಂಬ ಲೆಕ್ಕಕ್ಕೂ ಆಧಾರವಿಲ್ಲ. ಬೇಕಾದದ್ದು ಗ್ರಾಹಕರ ಬಾಯಲ್ಲಿ ಬರುವ ಮಾತು. ನೀರಿನ ಪಂಪ್ ರಿಪೇರಿ ಮಾಡುವವರ ಸೈಟ್ ಎಂದುಕೊಳ್ಳಿ. ಮುಖಪುಟದಲ್ಲಿ ‘ಸಮಗ್ರ ದ್ರವ ನಿರ್ವಹಣಾ ಪರಿಹಾರಗಳು’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಮನೆಯಲ್ಲಿ ಟ್ಯಾಂಕ್ ಖಾಲಿಯಾಗಿ ಕೂತವರು ಹುಡುಕುವುದು ‘ಮೋಟಾರ್ ಓಡುತ್ತದೆ ನೀರು ಬರುತ್ತಿಲ್ಲ’ ಎಂದು. ಫುಟ್ ವಾಲ್ವ್ ಸೋರುತ್ತಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು, ಇಂಪೆಲ್ಲರ್ ಸವೆದಿರಬಹುದು, ಇದರಲ್ಲಿ ಯಾವುದನ್ನು ಅವರೇ ನೋಡಿಕೊಳ್ಳಬಹುದು, ಯಾವುದಕ್ಕೆ ಮೆಕ್ಯಾನಿಕ್ ಬೇಕು ಎಂದು ಒಂದು ಪುಟ ಬರೆಯಿರಿ. ನಿಮ್ಮ ಕೆಲಸದಲ್ಲಿ ಗ್ರಾಹಕರು ಫೋನ್ ಮಾಡಿ ಪದೇ ಪದೇ ಕೇಳುವ ಪ್ರಶ್ನೆಗಳೇ ನಿಮ್ಮ ಪುಟಗಳ ಪಟ್ಟಿ. ಅಷ್ಟು ವಿಷಯ ಗೊತ್ತಿರುವವರು ನೀವು, ಏಜೆನ್ಸಿಯವರಲ್ಲ.

ಇದನ್ನೆಲ್ಲ ಎಐ ಕೈಲಿ ಬರೆಸಿ ನೂರಾರು ಪುಟ ಹಾಕಿದರಾಯಿತು ಎಂಬುದು ಈಚಿನ ನಂಬಿಕೆ. ಎಐ ಬಳಸಿದ ಕಾರಣಕ್ಕೇ ಪುಟವನ್ನು ಕೆಳಗಿಳಿಸುವುದಿಲ್ಲ ಎಂದು ಗೂಗಲ್ 2023ರಲ್ಲಿ ಹೇಳಿತು, ನಿಜ. ಆದರೆ ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರ‍್ಯಾಂಕಿಂಗ್‌ಗಾಗಿಯೇ ರಾಶಿ ರಾಶಿ ಹಾಕುವುದನ್ನು, ಬರೆದವರು ಮನುಷ್ಯರಾಗಲಿ ಯಂತ್ರವಾಗಲಿ, 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನೀತಿಯ ಅಡಿಗೆ ತಂದಿತು.

ಗೂಗಲ್‌ಗೆ ಜಾಹೀರಾತು ಕೊಟ್ಟರೆ ಮಾಮೂಲಿ ಫಲಿತಾಂಶದಲ್ಲೂ ಮೇಲೆ ಬರುತ್ತೇವೆ ಎಂಬುದು ಸುಳ್ಳು. ಸೈಟ್ ವೇಗವಾಗಿದ್ದರೆ ಮೇಲೆ ಬರುತ್ತದೆ ಎಂಬುದು ಅರ್ಧ ನಿಜ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಗೂಗಲ್ ಅದನ್ನು ಚೆನ್ನಾಗಿದೆ ಎಂದೇ ಪರಿಗಣಿಸುತ್ತದೆ. ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್‌ನಲ್ಲಿ 100ಕ್ಕೆ 100 ತೆಗೆಯಲು ತಿಂಗಳುಗಟ್ಟಲೆ ಹೆಣಗಬೇಕಿಲ್ಲ. ಅದಕ್ಕಿಂತ ಫೋನಿನಲ್ಲಿ ನಿಮ್ಮ ಸೈಟ್ ತೆರೆದು ನೋಡಿ. ಗೂಗಲ್ ಓದುವುದು ಮೊಬೈಲ್ ಆವೃತ್ತಿಯನ್ನು. ಕಂಪ್ಯೂಟರಿನಲ್ಲಿ ಇರುವ ವಿವರ ಮೊಬೈಲಿನಲ್ಲಿ ಇಲ್ಲದಿದ್ದರೆ ಗೂಗಲ್ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಹಾಗೆಯೇ, ಮುಂದೆ ಸೈಟನ್ನು ಹೊಸದಾಗಿ ಮಾಡಿಸಿ ಪುಟಗಳ ವಿಳಾಸ ಬದಲಾದರೆ, ಹಳೆಯ ಪ್ರತಿ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕಿಸಲೇಬೇಕು.

ಕೆಲಸ ಶುರು ಮಾಡಿ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಎಂದು ಗೂಗಲ್ ಹೇಳುತ್ತಾ ಬಂದಿದೆ. ನಾನು ಕಂಡದ್ದೂ ಅದೇ. ಅಲ್ಲಿಯವರೆಗೆ ಒಂದು ಪದದ ಸ್ಥಾನವನ್ನು ದಿನಾ ನೋಡುತ್ತಾ ಕೂರಬೇಡಿ. ಸರ್ಚ್ ಕನ್ಸೋಲ್‌ನಲ್ಲಿ ಮೊದಲು ಇಂಪ್ರೆಶನ್ (ನಿಮ್ಮ ಪುಟ ಫಲಿತಾಂಶದಲ್ಲಿ ಎಷ್ಟು ಸಲ ಕಂಡಿತು ಎಂಬ ಸಂಖ್ಯೆ) ಏರುತ್ತದೆ, ಕ್ಲಿಕ್ ಆಮೇಲೆ ಬರುತ್ತದೆ. ಯಾವ ಮಾತು ಹುಡುಕಿದವರಿಗೆ ನಿಮ್ಮ ಪುಟ ಕಂಡಿತು ಎಂಬ ಪಟ್ಟಿಯೂ ಅಲ್ಲಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಓದಿ, ನೀವು ಇನ್ನೂ ಉತ್ತರ ಬರೆಯದ ಪ್ರಶ್ನೆ ಸಿಕ್ಕರೆ ಮುಂದಿನ ಪುಟ ಅದರ ಮೇಲೆ ಬರೆಯಿರಿ. ಮುಂದೆ ಯಾವ ಏಜೆನ್ಸಿಯನ್ನು ಇಟ್ಟುಕೊಂಡರೂ ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್ ಮೂರೂ ನಿಮ್ಮ ಸ್ವಂತ ಇಮೇಲ್‌ನಲ್ಲಿರಲಿ. ಅವರನ್ನು ಬಳಕೆದಾರರಾಗಿ ಸೇರಿಸಿ, ಒಡೆತನ ಕೊಡಬೇಡಿ.