ಸೀಸನ್ ನಡುವೆ ಕೋಚ್ ಬದಲಿಸಿದರೆ ತಂಡ ಗೆಲ್ಲುತ್ತದೆಯೇ?

ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಫುಟ್‌ಬಾಲ್ ತಜ್ಞರ ಉತ್ತರ.

ಪ್ರಶ್ನೆ: ಸರ್, 2023ರ ಮಾರ್ಚ್‌ನಲ್ಲಿ ಬಯರ್ನ್ ಮ್ಯೂನಿಕ್ ತನ್ನ ಕೋಚ್ ಯೂಲಿಯಾನ್ ನಾಗಲ್ಸ್‌ಮನ್ ಅವರನ್ನು ಮನೆಗೆ ಕಳಿಸಿತು. ಆಗ ತಂಡ ಎರಡನೇ ಸ್ಥಾನದಲ್ಲಿತ್ತು, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲೂ ಉಳಿದಿತ್ತು. ಅಷ್ಟು ಅವಸರ ಯಾಕೆ ಬೇಕಿತ್ತು?
– ಓದುಗರೊಬ್ಬರು, ಮಂಗಳೂರು

ಉತ್ತರ: ಬಯರ್ನ್ ಅದಕ್ಕೂ ಮೊದಲು ಸತತ 10 ಸಲ ಲೀಗ್ ಗೆದ್ದಿತ್ತು. ಅಂಥ ಕ್ಲಬ್‌ನಲ್ಲಿ ಎರಡನೇ ಸ್ಥಾನ ಅಂದ್ರೆ ಸೋತ ಲೆಕ್ಕವೇ. ಮಾರ್ಚ್ 19ರಂದು ಲೆವರ್‌ಕುಸನ್ ಎದುರು 1-2ರಿಂದ ಸೋತರು. ಎದುರಾಳಿಯ ಎರಡೂ ಗೋಲು ಬಂದಿದ್ದು ಪೆನಾಲ್ಟಿಯಿಂದ. ತಮಾಷೆ ಏನೆಂದರೆ, ಎರಡು ಸಲವೂ ರೆಫರಿ ಮೊದಲು ಬಿದ್ದ ಆಟಗಾರನಿಗೇ ನಾಟಕ ಮಾಡಿದೆ ಎಂದು ಹಳದಿ ಕಾರ್ಡ್ ತೋರಿಸಿದ್ದರು. ಆಮೇಲೆ ವಿಡಿಯೊ ನೋಡಿ ಪೆನಾಲ್ಟಿ ಕೊಟ್ಟರು. ಡಾರ್ಟ್‌ಮಂಡ್ ತಂಡ ಬಯರ್ನ್‌ಗಿಂತ ಒಂದು ಅಂಕ ಮುಂದಕ್ಕೆ ಹೋಯಿತು.

ಇನ್ನೊಂದು ಕಾರಣ ಕೋಚ್ ಥಾಮಸ್ ಟುಖೆಲ್. ಇಂಗ್ಲೆಂಡಿನ ಚೆಲ್ಸಿ ಕ್ಲಬ್ ತೆಗೆದ ಮೇಲೆ ಅವರಿಗೆ ಕೆಲಸ ಇರಲಿಲ್ಲ. ಈಗ ಹಿಡಿಯದಿದ್ದರೆ ಬೇರೆಯವರು ಕರೆದುಕೊಂಡು ಹೋಗುತ್ತಾರೆ ಎಂಬ ಭಯ ಬಯರ್ನ್‌ಗಿತ್ತು. ರಾಷ್ಟ್ರೀಯ ತಂಡಗಳ ಪಂದ್ಯಗಳಿಗಾಗಿ ಲೀಗ್‌ಗೆ ಬಿಡುವೂ ಇತ್ತು. ನಾಗಲ್ಸ್‌ಮನ್ ರಜೆ ಹಾಕಿ ಸ್ಕೀಯಿಂಗ್‌ಗೆ ಹೋಗಿದ್ದರು. ಅಷ್ಟರಲ್ಲಿ ಕೆಲಸ ಹೋಗಿತ್ತು.

ಫಲ ಏನು ಸಿಕ್ಕಿತು? ಟುಖೆಲ್ ಮೊದಲ ಪಂದ್ಯದಲ್ಲೇ ಡಾರ್ಟ್‌ಮಂಡ್ ವಿರುದ್ಧ 4-2ರಿಂದ ಗೆದ್ದರು. ಮೂರೇ ದಿನಕ್ಕೆ ಜರ್ಮನ್ ಕಪ್‌ನಿಂದ ಹೊರಬಿದ್ದರು, ಅದೇ ತಿಂಗಳು ಚಾಂಪಿಯನ್ಸ್ ಲೀಗ್‌ನಿಂದಲೂ. ಲೀಗ್ ಗೆದ್ದರು, ನಿಜ. ಆದರೆ ಕೊನೇ ದಿನ ಡಾರ್ಟ್‌ಮಂಡ್ ಒಂದು ಪೆನಾಲ್ಟಿ ಹಾಳು ಮಾಡಿಕೊಂಡು ಮೈನ್ಸ್ ಜತೆ 2-2 ಡ್ರಾ ಮಾಡಿಕೊಂಡಿತು, ಬಯರ್ನ್‌ನ ಮುಸಿಯಾಲಾ 89ನೇ ನಿಮಿಷದಲ್ಲಿ ಗೋಲು ಹೊಡೆದರು. ಇಬ್ಬರದ್ದೂ 71 ಅಂಕ. ಗೋಲುಗಳ ಅಂತರದಲ್ಲಿ ಬಯರ್ನ್ ಪಾರಾಯಿತು. ಕೋಚ್ ಬದಲಿಸಿದ್ದ ಕ್ಲಬ್‌ನ ಸಿಇಒ ಆಲಿವರ್ ಕಾನ್ ಮತ್ತು ಕ್ರೀಡಾ ನಿರ್ದೇಶಕ ಹಸನ್ ಸಾಲಿಹಮಿಜಿಚ್ ಅವರನ್ನೂ ಅದೇ ದಿನ ಕ್ಲಬ್ ಹೊರಗೆ ಹಾಕಿತು. ನನ್ನ ಪ್ರಕಾರ ನಾಗಲ್ಸ್‌ಮನ್ ಅವರನ್ನು ತೆಗೆದದ್ದು ಕೋಪದಲ್ಲಿ ತಗೊಂಡ ತೀರ್ಮಾನ. ಟ್ರೋಫಿ ಸಿಕ್ಕಿತು ಅನ್ನೋದಕ್ಕೆ ಅದು ಸರಿ ಆಗೋದಿಲ್ಲ.

ಪ್ರಶ್ನೆ: ಹೀಗೆ ತೆಗೆದ ಕೋಚ್‌ಗೆ ಸಂಬಳ ನಿಂತು ಹೋಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲ. ಜರ್ಮನಿಯಲ್ಲಿ ಇಂಥ ಕರಾರಿಗೆ ಕೊನೆ ದಿನ ಮೊದಲೇ ಗೊತ್ತಾಗಿರುತ್ತದೆ, ನಡುವೆ ಸುಮ್ನೆ ಮುರಿಯಲು ಬರುವುದಿಲ್ಲ. ಹಾಗಾಗಿ ಕೋಚ್‌ಗೆ ಕೆಲಸದಿಂದ ಬಿಡುವು ಕೊಡುತ್ತಾರೆ, ಸಂಬಳ ನಡೆಯುತ್ತಲೇ ಇರುತ್ತದೆ. ಎರಡೂ ಕಡೆ ಮಾತುಕತೆ ಮುಗಿದಾಗ ಅಥವಾ ಹೊಸ ಕೆಲಸ ಸಿಕ್ಕಾಗ ಅದು ನಿಲ್ಲುತ್ತದೆ. ನಾಗಲ್ಸ್‌ಮನ್ ಅವರ ಬಯರ್ನ್ ಕರಾರು ಬಿಡುಗಡೆ ಆಗಿದ್ದು 2023ರ ಸೆಪ್ಟೆಂಬರ್‌ನಲ್ಲಿ, ಜರ್ಮನಿಯ ರಾಷ್ಟ್ರೀಯ ತಂಡ ಅವರನ್ನು ಕರೆದಾಗ.

ಪ್ರಶ್ನೆ: ಹೊಸ ಕೋಚ್ ಬಂದ ಕೂಡಲೇ ತಂಡ ಗೆಲ್ಲಲು ಶುರು ಮಾಡುತ್ತದೆ ಅಲ್ವಾ? ಅದರ ಗುಟ್ಟೇನು?
– ವಿದ್ಯಾರ್ಥಿಯೊಬ್ಬರು, ಬೆಳಗಾವಿ

ಉತ್ತರ: ಅರ್ಧ ಗುಟ್ಟು ಲೆಕ್ಕದಲ್ಲೇ ಇದೆ. ಕೋಚ್‌ನನ್ನು ತೆಗೆಯುವುದು ತಂಡ ತೀರಾ ಕೆಟ್ಟದಾಗಿ ಆಡುವಾಗ. ಅಲ್ಲಿಂದ ಯಾರಿದ್ದರೂ ಸ್ವಲ್ಪ ಮೇಲಕ್ಕೆ ಬಂದೇ ಬರುತ್ತದೆ. ಮ್ಯೂನ್‌ಸ್ಟರ್‌ನ ಸಂಶೋಧಕರು ಬುಂಡೆಸ್‌ಲೀಗಾದ ಹಲವು ದಶಕಗಳ ಫಲಿತಾಂಶ ಹಿಡಿದು 2011ರಲ್ಲಿ ಇದನ್ನೇ ಹೇಳಿದರು: ಸೀಸನ್ ನಡುವೆ ಕೋಚ್ ಬದಲಿಸಿದ್ದರಿಂದ ತಂಡದ ಆಟಕ್ಕೆ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ. 2020-21ರಲ್ಲಿ ಶಾಲ್ಕೆ ಒಂದೇ ಸೀಸನ್‌ನಲ್ಲಿ ಐದು ಕೋಚ್‌ಗಳನ್ನು ನೋಡಿತು. ಬರೀ 16 ಅಂಕ ಗಳಿಸಿ ಎರಡನೇ ಡಿವಿಷನ್‌ಗೆ ಇಳಿಯಿತು.

ಹಾಗಾದರೆ ಲೆವರ್‌ಕುಸನ್ ಹೇಗೆ ಎದ್ದಿತು ಅಂತ ನೀವು ಕೇಳಬಹುದು. 2022ರ ಅಕ್ಟೋಬರ್‌ನಲ್ಲಿ ಅದು 8 ಪಂದ್ಯಗಳಲ್ಲಿ 5 ಅಂಕ ಗಳಿಸಿ ಕೆಳಗಿನಿಂದ ಎರಡನೇ ಸ್ಥಾನದಲ್ಲಿತ್ತು. ಗೆರಾರ್ಡೊ ಸೆವಾನೆ ಹೋದರು, ಶಾಬಿ ಅಲೊನ್ಸೊ ಬಂದರು. ಮೊದಲ ಪಂದ್ಯದಲ್ಲಿ ಶಾಲ್ಕೆ ವಿರುದ್ಧ 4-0 ಗೆಲುವು. ಎಲ್ಲರೂ ಇದನ್ನೇ ನೆನಪಿಟ್ಟುಕೊಂಡಿದ್ದಾರೆ. ಒಂದೇ ವಾರದಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ 1-5ರಿಂದ ಸೋತಿದ್ದನ್ನು ಯಾರೂ ಹೇಳುವುದಿಲ್ಲ. ಆಮೇಲೆ ನವೆಂಬರ್ ಮಧ್ಯದಿಂದ ಜನವರಿವರೆಗೆ ವಿಶ್ವಕಪ್ ಬಿಡುವು ಬಂತು. ಸೀಸನ್ ನಡುವೆ ಬಂದ ಕೋಚ್‌ಗೆ ಅಷ್ಟು ದಿನ ಸಾಮಾನ್ಯವಾಗಿ ಸಿಗುವುದಿಲ್ಲ. ಅಲೊನ್ಸೊ ಮೂವರು ಡಿಫೆಂಡರ್‌ಗಳ ಆಟವನ್ನು ಗಟ್ಟಿ ಮಾಡಿದರು. ತಂಡ ಆರನೇ ಸ್ಥಾನಕ್ಕೆ ಬಂತು. ಮುಂದಿನ ಬೇಸಿಗೆಯಲ್ಲಿ ಜಾಕಾ, ಗ್ರಿಮಾಲ್ಡೊ, ಬೋನಿಫೇಸ್ ಎಂಬ ಹೊಸ ಆಟಗಾರರು ಬಂದರು. ಆ ಸೀಸನ್‌ನಲ್ಲಿ ಲೀಗ್‌ನ 34 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೆವರ್‌ಕುಸನ್ ಮೊದಲ ಬಾರಿಗೆ ಬುಂಡೆಸ್‌ಲೀಗಾ ಗೆದ್ದಿತು. ಇಷ್ಟಕ್ಕೆ ಹಿಡಿದದ್ದು ಒಂದೂವರೆ ವರ್ಷ.

ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು ಫ್ರೈಬರ್ಗ್. 2011ರ ಕೊನೆಗೆ ತಂಡ ತಳದಲ್ಲಿತ್ತು. ಹೊರಗಿನಿಂದ ದೊಡ್ಡ ಹೆಸರು ತರಲಿಲ್ಲ. ಯುವ ತಂಡಗಳಿಗೆ ವರ್ಷಗಟ್ಟಲೆ ಕಲಿಸಿದ್ದ, ಆಗ ಸಹಾಯಕರಾಗಿದ್ದ ಕ್ರಿಸ್ಟಿಯಾನ್ ಶ್ಟ್ರೈಖ್ ಅವರಿಗೇ ಕೆಲಸ ಕೊಟ್ಟರು. ಆ ವರ್ಷ ತಂಡ 12ನೇ ಸ್ಥಾನದಲ್ಲಿ ಮುಗಿಸಿತು. 2015ರಲ್ಲಿ ಅವರ ಕೈಯಲ್ಲೇ ಕೆಳ ಡಿವಿಷನ್‌ಗೂ ಇಳಿಯಿತು. ಆದರೂ ಅವರನ್ನು ತೆಗೆಯಲಿಲ್ಲ. ಮುಂದಿನ ವರ್ಷವೇ ಮೇಲೆ ಬಂದರು. ಶ್ಟ್ರೈಖ್ 2024ರಲ್ಲಿ ತಾವಾಗಿಯೇ ಬಿಡುವವರೆಗೂ ಅಲ್ಲೇ ಇದ್ದರು.