ಬಾಗಿಲು ಬದಲಿಸಿದರೆ ಸಾಕಾ, ಪೆಟ್ಟಿಗೆಯನ್ನೇ ಕೀಳಿಸಬೇಕಾ?

ನೀವು ಕೇಳಿದ್ದು ಇಷ್ಟು: ನ್ಯೂಜೆರ್ಸಿಯಲ್ಲಿ 1976ರಲ್ಲಿ ಕಟ್ಟಿದ ಮನೆ ಕೊಂಡಿದ್ದೀರಿ. ಅಡುಗೆಮನೆ ಕಟ್ಟೆಯ ಗ್ರಾನೈಟ್ ಗಟ್ಟಿಯಾಗಿದೆ, ಬಣ್ಣ ಬಳಿದ ಹಳೇ ಕ್ಯಾಬಿನೆಟ್ ಮಾತ್ರ ನೋಡೋಕಾಗ್ತಿಲ್ಲ. ರೀಫೇಸಿಂಗ್ ಸಾಕಾ, ಎಲ್ಲ ಕೀಳಿಸಬೇಕಾ?

ರೀಫೇಸಿಂಗ್ ಅಂದ್ರೆ ಊರಲ್ಲಿ ಹಳೇ ವಾರ್ಡ್‌ರೋಬಿಗೆ ಹೊಸ ಸನ್ಮೈಕಾ ಹೊಡೆಸಿದ ಹಾಗೆ. ಗೋಡೆಗೆ ಬಿಗಿದ ಪೆಟ್ಟಿಗೆ ಹಾಗೇ ಉಳಿಯತ್ತೆ. ಬಾಗಿಲು, ಡ್ರಾಯರ್ ಮುಖ, ಹಿಂಜ್ ಹೊಸದಾಗತ್ತೆ, ಎದುರಿನ ಚೌಕಟ್ಟಿಗೆ ವೆನೀರ್ ಅನ್ನೋ ತೆಳು ಮರದ ಹಾಳೆ ಅಂಟಿಸ್ತಾರೆ. ಹಾಗಾಗಿ ಬಾಗಿಲಿನ ಕ್ಯಾಟಲಾಗ್ ಪಕ್ಕಕ್ಕಿಟ್ಟು ಮೊದಲು ಪೆಟ್ಟಿಗೆ ನೋಡಿ.

ಸಿಂಕಿನ ಕೆಳಗಿನ ಪೆಟ್ಟಿಗೆ ಖಾಲಿ ಮಾಡಿ, ಟಾರ್ಚ್ ಬಿಟ್ಟು, ತಳವನ್ನೂ ಪಕ್ಕದ ಹಲಗೆಗಳ ಕೆಳ ಅಂಚನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ. ಪ್ಲೈವುಡ್ ಆದ್ರೆ ಕಲೆ ಇದ್ದರೂ ಗಟ್ಟಿಯಾಗಿರತ್ತೆ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಉಬ್ಬಿತು ಅಂದ್ರೆ ಒಣಗಿದರೂ ಮೊದಲಿನ ಹಾಗಾಗಲ್ಲ, ಅದರಲ್ಲಿ ಸ್ಕ್ರೂ ಹಿಡಿಯಲ್ಲ. ತಳ ಮಾತ್ರ ಹಾಳಾಗಿದ್ರೆ ಅರ್ಧ ಇಂಚಿನ ಪ್ಲೈವುಡ್ ಕೂರಿಸಿ ಮುಗಿಸಬಹುದು. ಪಕ್ಕದ ಹಲಗೆಗಳೇ ಉಬ್ಬಿದ್ರೆ ಆ ಪೆಟ್ಟಿಗೆಗೆ ಹೊಸ ಮುಖ ಹಾಕೋದು ದುಡ್ಡು ದಂಡ.

ಎರಡನೇದು ಒಗ್ಗರಣೆ ಹೊಗೆ. ಒಲೆ ಮೇಲಿನ ಮೈಕ್ರೋವೇವ್ ಹೊಗೆಯನ್ನ ಹೊರಗೆ ಕಳಿಸತ್ತಾ, ಫಿಲ್ಟರಿನಲ್ಲಿ ಸೋಸಿ ಮತ್ತೆ ಅಡುಗೆಮನೆಗೇ ಊದತ್ತಾ ನೋಡಿ. ಮರಳಿ ಊದೋದಾದ್ರೆ ಡಕ್ಟ್ (ಹೊಗೆ ಹೊರಗೊಯ್ಯೋ ಕೊಳವೆ) ಇರೋ ಹುಡ್, ಅಂದ್ರೆ ಊರಿನ ಚಿಮಣಿ, ಹಾಕಿಸೋ ತೀರ್ಮಾನವನ್ನ ಈಗಲೇ ಮಾಡಿ, ಯಾಕಂದ್ರೆ 6 ಇಂಚಿನ ಡಕ್ಟ್ ಸಾಮಾನ್ಯವಾಗಿ ಒಲೆ ಮೇಲಿನ ಕ್ಯಾಬಿನೆಟ್ ಒಳಗಿಂದಲೇ ಹೋಗತ್ತೆ. ಹೊಸ ಮುಖ ಹಾಕಿಸಿದ ಮೇಲೆ ಅದನ್ನ ಕತ್ತರಿಸೋದು ಹೊಟ್ಟೆ ಉರಿಸೋ ಕೆಲಸ. ಹುಡ್ 400 ಸಿಎಫ್‌ಎಂ (ನಿಮಿಷಕ್ಕೆ ಎಳೆಯೋ ಗಾಳಿ, ಘನ ಅಡಿಯಲ್ಲಿ) ಮೀರಿದ್ರೆ ಹೊರಗಾಳಿ ಒಳತರೋ ವ್ಯವಸ್ಥೆಯನ್ನೂ ಕಟ್ಟಡದ ಕೋಡ್ ಕೇಳಬಹುದು. ಟೌನ್ ಕಚೇರಿಯಲ್ಲಿ ವಿಚಾರಿಸಿ.

ಪೆಟ್ಟಿಗೆ ಗಟ್ಟಿ, ಜಾಗಗಳೂ ಸರಿ ಅನ್ನೋದಾದ್ರೆ ರೀಫೇಸಿಂಗೇ ಸರಿ ಅನ್ನೋದು ನನ್ನ ಅಭಿಪ್ರಾಯ. ಮುಖ್ಯ ಕಾರಣ ನಿಮ್ಮ ಗ್ರಾನೈಟ್. ಕೆಳಗಿನ ಪೆಟ್ಟಿಗೆ ಬದಲಿಸಬೇಕಾದ್ರೆ ಅದನ್ನ ಎತ್ತಲೇಬೇಕು. ಎತ್ತುವಾಗ ಸಿಂಕಿನ ಮುಂದೆ ಹಿಂದೆ ಇರೋ ಸಣ್ಣ ಪಟ್ಟಿ ಮುರಿದ್ರೆ ಹೊಸ ಕಲ್ಲಿನ ಖರ್ಚೂ ತಲೆ ಮೇಲೆ ಬರತ್ತೆ.

ಇನ್ನು ಅಳತೆ. ಹೆಚ್ಚಿನ ತಪ್ಪಾಗೋದು ಇಲ್ಲೇ. ಬೆಂಗಳೂರಿನ ಮಾಡ್ಯುಲರ್ ಪೆಟ್ಟಿಗೆಗಳಿಗೆ ಮುಂದೆ ಚೌಕಟ್ಟಿರಲ್ಲ. ಇಲ್ಲಿನ ಹಳೇ ಕ್ಯಾಬಿನೆಟ್‌ಗೆ ಸಾಮಾನ್ಯವಾಗಿ ಒಂದೂವರೆ ಇಂಚಿನ ಮರದ ಪಟ್ಟಿಯ ಚೌಕಟ್ಟಿರತ್ತೆ, ಬಾಗಿಲು ಅದರ ಮೇಲೆ ಕೂರತ್ತೆ. ಹಳೇ ಬಾಗಿಲನ್ನ ಅಳೀಬೇಡಿ, ಚೌಕಟ್ಟಿನ ನಡುವಿನ ತೆರಪನ್ನ ಅಳೀರಿ. ಎರಡೂ ಕಡೆ ಅರ್ಧ ಇಂಚು ಚೌಕಟ್ಟಿನ ಮೇಲೆ ಕೂರಬೇಕು ಅಂದ್ರೆ 15 ಇಂಚಿನ ತೆರಪಿಗೆ 16 ಇಂಚಿನ ಬಾಗಿಲು. 30 ಇಂಚಿನ ತೆರಪಿಗೆ, ನಡುವೆ ಪಟ್ಟಿ ಇಲ್ಲದೆ, ಜೋಡಿ ಬಾಗಿಲಾದ್ರೆ 1/8 ಇಂಚು ಸಂದು ಬಿಟ್ಟು ಒಂದೊಂದೂ 15 7/16. ಆಧುನಿಕವಾಗಿ ಕಾಣಲಿ ಅಂತ ಒಂದೂಕಾಲು ಇಂಚು ಓವರ್‌ಲೇ (ಬಾಗಿಲು ಚೌಕಟ್ಟಿನ ಮೇಲೆ ಕೂರೋ ಅಗಲ) ಕೇಳಿದ್ರೆ, ಎರಡು ತೆರಪಿನ ನಡುವೆ ಒಂದೇ ಪಟ್ಟಿ ಇರೋ ಕಡೆ ಬಾಗಿಲುಗಳು ಒಂದರ ಮೇಲೊಂದು ಬರತ್ತೆ. ಅಲ್ಲಿ ತಲಾ 11/16 ಇಂಚಿಗಿಂತ ಹೆಚ್ಚು ಹಿಡಿಯಲ್ಲ. ಎಲ್ ಆಕಾರದ ಮೂಲೆಯಲ್ಲಿ ಹಿಡಿಗಳು ಡಿಕ್ಕಿ ಹೊಡೀತವಾ ಅನ್ನೋದನ್ನೂ ನೋಡ್ಕೊಳ್ಳಿ. ಹಿಂಜ್ ಅದೇ ಓವರ್‌ಲೇ ಅಳತೆದೇ ಆಗಿರಬೇಕು, ಬಾಗಿಲಿಗೆ 35 ಮಿಲಿಮೀಟರ್ ತೂತು ಕೊರೆಸಿಯೇ ತರಿಸಿ. ಐಕಿಯಾ ಬಾಗಿಲು ಅಗ್ಗ ಅಂತ ಆಸೆ ಪಡಬೇಡಿ, ಅವು ಅವರದೇ ಪೆಟ್ಟಿಗೆಯ ಅಳತೆಗೆ ಮಾಡಿದವು.

ವೆನೀರ್ ಕಿತ್ತು ಬರೋದಕ್ಕೆ ಮುಖ್ಯ ಕಾರಣ ಜಿಡ್ಡು. ಒಲೆ ಸುತ್ತಲಿನ ಚೌಕಟ್ಟನ್ನ ಟಿಎಸ್‌ಪಿ (ಜಿಡ್ಡು ತೆಗೆಯೋ ಪುಡಿ) ಕರಗಿಸಿದ ನೀರಲ್ಲಿ ಎರಡು ಸಲ ಒರೆಸಿ, ತೊಳೆದು, ಪೂರ್ತಿ ಒಣಗಿಸಿ, 120 ನಂಬರಿನ ಮರಳು ಕಾಗದ ಹಾಕಿ ಆಮೇಲೆ ಅಂಟಿಸಬೇಕು. ಆದ್ರೆ ನಿಮ್ಮ ಮನೆ 1978ಕ್ಕಿಂತ ಹಿಂದಿನದು, ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಆಗೋ ತನಕ ಯಾರಿಗೂ ಉಜ್ಜೋಕೆ ಬಿಡಬೇಡಿ, ಚಿಕ್ಕ ಮಕ್ಕಳಿದ್ರಂತೂ ಖಂಡಿತ ಬೇಡ. ಸೀಸ ಇದ್ರೆ ಇಪಿಎ (ಅಮೆರಿಕದ ಪರಿಸರ ಸಂಸ್ಥೆ) ಪ್ರಮಾಣಪತ್ರ ಇರೋ ಕೆಲಸಗಾರರೇ ಬೇಕು.

ಬಾಗಿಲಿಗೆ ಥರ್ಮೋಫಾಯಿಲ್ ತಗೋಬೇಡಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲಿನ ಆ ಪ್ಲಾಸ್ಟಿಕ್ ಹಾಳೆ ಓವನ್ ಬಿಸಿಗೆ, ದಿನಾ ಕುಕ್ಕರ್ ಹಬೆಗೆ ಅಂಚಿಂದ ಏಳತ್ತೆ. ಎಲ್ಲರೂ ಹಾಕಿಸೋ ಬಿಳಿ ಶೇಕರ್ ಬಾಗಿಲು (ಸುತ್ತ ಪಟ್ಟಿ, ನಡುವೆ ತಗ್ಗಿದ ಹಲಗೆ) ಚೆನ್ನಾಗೇ ಕಾಣತ್ತೆ, ಆದ್ರೆ ಒಳ ಅಂಚಲ್ಲಿ ಎಣ್ಣೆ, ಅರಿಶಿನ ಕೂತು ತಿಂಗಳಿಗೊಮ್ಮೆ ಹಳೇ ಬ್ರಷ್ ಹಿಡಿದು ಕೂರಬೇಕಾಗತ್ತೆ.

ಕೊಟೇಶನ್ನಿನಲ್ಲಿ ಡ್ರಾಯರ್ ಸ್ಲೈಡ್ (ಡ್ರಾಯರ್ ಜಾರೋ ಹಳಿ) ಸೇರಿದೆಯಾ ಕೇಳಿ, ಎಷ್ಟೋ ಸಲ ಸೇರಿರಲ್ಲ. ಬೇಳೆ, ಹಿಟ್ಟಿನ ಡಬ್ಬ ಇಡೋ ಡ್ರಾಯರಿಗೆ ಪೂರ್ತಿ ಹೊರಬರೋ, 100 ಪೌಂಡ್ ತಡೆಯೋ ಬಾಲ್ ಬೇರಿಂಗ್ ಸ್ಲೈಡ್ ಬರೆಸಿ. ಪಕ್ಕಕ್ಕೆ ಕೂರೋ ಸ್ಲೈಡಿಗೆ ಎರಡೂ ಕಡೆ ಅರ್ಧರ್ಧ ಇಂಚು ಜಾಗ ಬೇಕು. ಹಳೇ ಡ್ರಾಯರ್ ಪೆಟ್ಟಿಗೆ ತೆರಪಿಗಿಂತ ಒಂದು ಇಂಚು ಕಿರಿದಾಗಿಲ್ಲದಿದ್ರೆ ಡ್ರಾಯರನ್ನೂ ಹೊಸದಾಗಿ ಮಾಡಿಸಬೇಕು, ಅದರ ಬೆಲೆಯನ್ನೂ ಆ ಕಾಗದದಲ್ಲೇ ಬರೆಸಿಕೊಳ್ಳಿ.